ಸಪ್ತಾಪುರದ ಬಾಡಿಗೆ ಚರ್ಚಾ ಕೋಣೆ: ಮೇಜು ಬಿಡಿ, ಜಮಖಾನೆ ಕೇಳಿ

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಸೆಂಟರ್‌ಗಳ ನಡುವೆ, ಎರಡನೇ ಮಹಡಿಯ ಮೇಲಿದೆ ಈ ಕೋಣೆ. ಗಂಟೆಗೆ 200 ರೂಪಾಯಿ, 10 ಮಂದಿಗೆ ಜಾಗ. ಸಂದರ್ಶನಕ್ಕೆ ತಯಾರಾಗುವ ಹುಡುಗರು, ಮಹಿಳಾ ಸಂಘದವರು, ಓದುಗರ ಬಳಗದವರು ಎಲ್ಲ ಬರುತ್ತಾರೆ. ಬೆಳಕು ಚೊಲೋ ಇದೆ, ಕರೆಂಟ್ ಹೋದರೆ ಯುಪಿಎಸ್ ಇದೆ. ತೊಂದರೆ ಇರುವುದು ಮೇಜಿನದು.

ಮೇಜು 10 ಅಡಿ ಉದ್ದ, 3 ಅಡಿ ಅಗಲ. ಎರಡೂ ಬದಿಗೆ ನಾಲ್ಕು ನಾಲ್ಕು ಕುರ್ಚಿ, ತುದಿಗೆ ಒಂದೊಂದು. ತುದಿಯಲ್ಲಿ ಕೂತವರಿಗೆ ಎಲ್ಲರ ಮುಖ ಕಾಣುತ್ತದೆ. ಬದಿಯಲ್ಲಿ ಕೂತವರಿಗೆ ತಮ್ಮ ಸಾಲಿನವರು ಕಾಣುವುದೇ ಇಲ್ಲ. ಮುಂದಿನ ಮಾತು ಯಾರದು ಎಂಬುದು ಬಹಳ ಸಲ ಕಣ್ಣಲ್ಲೇ ತೀರ್ಮಾನವಾಗುವುದರಿಂದ, ನಡುವಿನ ಕುರ್ಚಿಯವರು ಬಾಯಿ ತೆರೆಯುವಷ್ಟರಲ್ಲಿ ವಿಷಯ ಮುಂದೆ ಹೋಗಿರುತ್ತದೆ. ಅಮೆರಿಕದ ಅಣಕು ಜ್ಯೂರಿಗಳ (ಕೋರ್ಟಿನಲ್ಲಿ ತೀರ್ಪು ಚರ್ಚಿಸುವ ಸಾಮಾನ್ಯ ಜನರ ತಂಡದ ಪ್ರಯೋಗ ರೂಪ) ಬಗ್ಗೆ ಸಂಶೋಧಕರಾದ ಸ್ಟ್ರಾಡ್ಟ್‌ಬೆಕ್ ಮತ್ತು ಹುಕ್ 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ್ಯಸ್ಥರಾಗಿ ಹೆಚ್ಚು ಆಯ್ಕೆಯಾದವರು ಮೇಜಿನ ತುದಿಯಲ್ಲಿ ಕೂತವರೇ. ಆ ಕುರ್ಚಿಗೆ ತಾವಾಗಿ ಹೋಗಿ ಕೂತವರಲ್ಲಿ ವ್ಯವಹಾರಸ್ಥರು, ಮ್ಯಾನೇಜರುಗಳೇ ಹೆಚ್ಚು. ಹಾಗಾಗಿ ಮೇಜಿನಲ್ಲೇ ಸಭೆ ಮಾಡುವುದಾದರೆ ಅಧ್ಯಕ್ಷರನ್ನು ಬದಿಯ ನಡುವೆ ಕೂರಿಸಿ, ಕಡಿಮೆ ಮಾತಾಡುವವರಿಗೆ ತುದಿ ಕೊಡಿ.

ಇದಕ್ಕಿಂತ ಒಳ್ಳೆಯ ದಾರಿ ಕೋಣೆಯ ಮೂಲೆಯಲ್ಲೇ ಇದೆ: ಸುತ್ತಿಟ್ಟ ದೊಡ್ಡ ನವಲಗುಂದ ಜಮಖಾನೆ. ಇಬ್ಬರು ಸೇರಿ ಮೇಜನ್ನು ಗೋಡೆಗೆ ಸರಿಸಿ, ಹಾಸಿ, ದುಂಡಗೆ ಕೂತುಬಿಡಿ. ಒಬ್ಬರಿಗೆ 75 ಸೆಂ.ಮೀ. ಎಂದರೆ ಎಂಟು ಮಂದಿಗೆ ಸುತ್ತಳತೆ 6 ಮೀಟರ್; ಎದುರಿನವರು 2 ಮೀಟರ್ ಒಳಗೇ ಇರುತ್ತಾರೆ, ದನಿ ಏರಿಸಬೇಕಿಲ್ಲ. ದುಂಡಗೆ ಕೂತಾಗ ಪಕ್ಕದವರಿಗಿಂತ ಎದುರಿನವರ ಮಾತಿಗೇ ಜನ ಹೆಚ್ಚು ಸ್ಪಂದಿಸುತ್ತಾರೆ ಎಂದು ಸಂಶೋಧಕ ಸ್ಟೈನ್‌ಜರ್ 1950ರಲ್ಲೇ ತೋರಿಸಿದ್ದರು. ಸದಾ ವಾದಕ್ಕೆ ಬೀಳುವ ಇಬ್ಬರನ್ನು ಎದುರು ಬದಿರು ಕೂರಿಸದೆ ಅಕ್ಕಪಕ್ಕ ಕೂರಿಸಿದರೆ ಸಭೆ ಉಳಿಯುತ್ತದೆ. ಆದರೆ ಒಬ್ಬರೇ ಗಟ್ಟಿಯಾಗಿ ನಡೆಸುವ ಸಭೆಯಲ್ಲಿ ಈ ಲೆಕ್ಕ ತಿರುಗುತ್ತದೆ: ಜನ ಪಕ್ಕದವರ ಜೊತೆಗೇ ಮಾತಿಗಿಳಿಯುತ್ತಾರೆ.

ಮೊಣಕಾಲು ನೋವಿನವರಿಗೆ ಕುರ್ಚಿ ಬೇಕೇ ಬೇಕು. ಆದರೆ ಒಂದೇ ಕುರ್ಚಿ ಹಾಕಬೇಡಿ. ಎಲ್ಲರೂ ನೆಲದ ಮೇಲಿದ್ದು ಒಬ್ಬರೇ ಎತ್ತರದಲ್ಲಿ ಕೂತರೆ, ಬಯಸದಿದ್ದರೂ ಅವರು ಮಾಸ್ತರರಾಗಿಬಿಡುತ್ತಾರೆ, ಉಳಿದವರೆಲ್ಲ ಅವರಿಗೇ ಉತ್ತರ ಒಪ್ಪಿಸತೊಡಗುತ್ತಾರೆ. ಮೂರು ಕುರ್ಚಿಗಳನ್ನು ಬೇರೆ ಬೇರೆ ಕಡೆ ಇಡಿ.

ಚಹಾ, ಗಿರಮಿಟ್ ಕೆಳಗಿನ ಅಂಗಡಿಯಿಂದ ಬರುತ್ತವೆ, ರುಚಿಗೆ ದೋಷವಿಲ್ಲ. ಹೊರಗಿನ ಪಡಸಾಲೆ ಮಾತ್ರ ಮೂರೇ ಅಡಿ ಅಗಲ. ಅಲ್ಲಿ ಮಂದಿ ಗುಂಪಾಗಿ ನಿಲ್ಲಲಾಗದೆ ಗೋಡೆಗೆ ಸಾಲಾಗಿ ನಿಂತು ಫೋನ್ ತೆಗೆಯುತ್ತಾರೆ. ಸಭೆಯಲ್ಲಿ ಹೇಳಲಾಗದ ಮಾತು ಹೊರಬರುವ ಹೊತ್ತೇ ಹಾಳು. ಚಹಾವನ್ನು ಒಳಗೇ ತರಿಸಿ. ತಾನಾಗಿ ನಡೆಯುವ ಹರಟೆ ನಾಲ್ವರು ಮೀರಿದರೆ ಸಾಮಾನ್ಯವಾಗಿ ಎರಡಾಗಿ ಒಡೆಯುತ್ತದೆ, ಆಗ ತಡೆಯಬೇಡಿ.

ಆರರಿಂದ ಎಂಟು ಮಂದಿಗೆ ಈ ಕೋಣೆಯನ್ನು ಧಾರಾಳವಾಗಿ ಹೇಳಬಹುದು, ಹತ್ತಕ್ಕೆ ಬೇಡ. ಸಂಜೆ ಕ್ಲಾಸ್ ಬಿಡುವ ಹೊತ್ತಿಗೆ ಮೆಟ್ಟಿಲ ಗದ್ದಲ ಒಳಗೆ ಬರುತ್ತದೆ, ಬೆಳಗಿನ ಹೊತ್ತು ಮೇಲು. ಜಮಖಾನೆ ಇರುವುದು ಒಂದೇ, ಬುಕ್ ಮಾಡುವಾಗಲೇ ಹೇಳಿಡಿ.