ತೋಟ ಎಲ್ಲಿ ತಗೊಳ್ಳೋದು: ತುಮರಿಯಾ, ಜೋಯಿಡಾನಾ?

ಅಡಿಕೆ ತೋಟಕ್ಕೆ ಶಿವಮೊಗ್ಗ ಜಿಲ್ಲೆಯ ತುಮರಿಯೋ, ಉತ್ತರ ಕನ್ನಡದ ಜೋಯಿಡಾವೋ ಅಂದರೆ, ಓಡಾಟಕ್ಕೆ ಈಗ ತುಮರಿಯೇ ವಾಸಿ. ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಹಿನ್ನೀರು ಸಾಗರ ಪೇಟೆಗೆ ಹೋಗುವ ದಾರಿಯನ್ನೇ ನುಂಗಿತ್ತು. ರಾತ್ರಿ ಲಾಂಚ್ ಇರಲಿಲ್ಲ. ಹೆರಿಗೆ ನೋವು ಬಂದರೆ ಬೆಳಗಾಗಲಿ ಅಂತ ಕಾಯಬೇಕಿತ್ತು, ಇಲ್ಲಾ ದೂರದ ದಾರಿ ಸುತ್ತಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಎಷ್ಟು ದೊಡ್ಡ ನೆಮ್ಮದಿ ಅಲ್ವಾ?

ಜೋಯಿಡಾದ ಎಷ್ಟೋ ಹಳ್ಳಿಗಳು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನ ನಡುವೆ ಇವೆ. ಬಸ್ಸು ಕಡಿಮೆ. ಮಳೆಗಾಲದಲ್ಲಿ ಒಮ್ಮೆ ಹೋಗಿ ನೋಡದೆ ಮುಂಗಡ ಕೊಡಬೇಡಿ.

ಜಾಗದ ವಿಷಯದಲ್ಲಿ ಎರಡೂ ಕಡೆ ಹುಷಾರು. 2020ರ ತಿದ್ದುಪಡಿಯಿಂದ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ನಿಜ. ಆದರೆ "ಬೆಟ್ಟ ಸೇರಿ ಆರು ಎಕರೆ" ಅಂದರೆ ಪಹಣಿ ತೆಗೆಸಿ. ಸೊಪ್ಪಿನ ಬೆಟ್ಟ ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು; ಅಲ್ಲಿ ಸಿಗುವುದು ಸೊಪ್ಪು, ದರಕಿನಂಥ (ಒಣ ಎಲೆ) ಹಕ್ಕು ಮಾತ್ರ. ನೆಲ ಸರ್ಕಾರದ್ದು. ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ಅಡಿಕೆಗೆ ಕೊಳೆ ರೋಗ ಎಲ್ಲೂ ಬಿಡದು. ಮೈಲುತುತ್ತ, ಸುಣ್ಣ ಕಲಸಿ ಕೊಡಬಹುದು, ಜಾರುವ ಮರ ಹತ್ತಿ ಹೊಡೆಯುವವರು ಬೇಕಲ್ಲ! ಜೋಯಿಡಾದಲ್ಲಿ ಗೆಡ್ಡೆ-ಗೆಣಸಿನ ಆಸರೆ ಇದೆ. ಅಲ್ಲಿನ ಕುಣಬಿ ಸಮುದಾಯದವರ ಮನೆಯಂಗಳದ ಮುಡ್ಲಿ ಗೆಡ್ಡೆ ತಿಂದವರಿಗೆ ಗೊತ್ತು ಅದರ ರುಚಿ.

ಮನೆಯಲ್ಲಿ ವಯಸ್ಸಾದವರಿದ್ದರೆ ನಾನು ತುಮರಿ ಅಂತೀನಿ.