ವಿಂಡೋಸ್ 11 ಹಾಕಿಸಲು ಪಿ.ಬಿ. ರಸ್ತೆಯ ಅಂಗಡಿ: ಪರವಾಗಿಲ್ಲ, ಬ್ಯಾಕಪ್ ಮಾತ್ರ ನೀವೇ ಮಾಡಿಕೊಳ್ಳಿ

ದಾವಣಗೆರೆಯ ಈ ರಿಪೇರಿ ಅಂಗಡಿಯವರು ಬಂದ ಮಷಿನ್ನನ್ನೆಲ್ಲ ಫಾರ್ಮ್ಯಾಟ್ ಮಾಡಲು ಕೂರುವುದಿಲ್ಲ. ಮೊದಲು ವಿಂಡೋಸ್ 11ಕ್ಕೆ ಬೇಕಾದ ಭದ್ರತಾ ಚಿಪ್ ಟಿಪಿಎಂ 2.0 ಇದೆಯೇ ನೋಡುತ್ತಾರೆ. ಅಷ್ಟಕ್ಕೇ ಅರ್ಧ ಮಾರ್ಕ್ಸು. ಸಿಸ್ಟಮ್ ಚೆನ್ನಾಗಿ ಓಡುತ್ತಿದ್ದರೆ ಅಪ್‌ಗ್ರೇಡ್ ಸಾಕು: ಟ್ಯಾಲಿ, ನುಡಿಯಂಥ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಹಾಗೇ ಉಳಿಯುತ್ತವೆ, ಸರಿಹೋಗದಿದ್ದರೆ 10 ದಿನದೊಳಗೆ ಹಳೆಯದಕ್ಕೆ ಮರಳಬಹುದು. ಸಿ ಡ್ರೈವ್ ತುಂಬಿದ್ದರೆ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ.

ವೈರಸ್ ಹೊಕ್ಕಿದ್ದರೆ 8 ಜಿಬಿ ಪೆನ್‌ಡ್ರೈವ್‌ನಿಂದ ಹೊಸದಾಗಿಯೇ ಹಾಕಿಸಿ. ಬ್ಯಾಕಪ್ಪನ್ನು ಇವರು ಡಿ ಡ್ರೈವ್‌ಗೆ ಹಾಕುತ್ತಾರೆ, ಸಾಲದು. ಪಾರ್ಟಿಷನ್ (ಡಿಸ್ಕಿನ ಭಾಗ) ಅಳಿಸುವಾಗ ಕೈತಪ್ಪಿದರೆ ಅದೂ ಹೋಯಿತು. ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲಿಸಿ, ಇನ್‌ಸ್ಟಾಲ್ ಹೊತ್ತಿಗೆ ಅದನ್ನು ಕಿತ್ತಿಡಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಕೀ ಬರೆದಿಟ್ಟುಕೊಳ್ಳಿ. ಅಸಲಿ ವಿಂಡೋಸ್ 10 ಆಕ್ಟಿವೇಟ್ ಆಗಿದ್ದ ಮಷಿನ್ನಿಗೆ ಅದೇ ಎಡಿಷನ್ (ಹೋಮ್ ಇದ್ದರೆ ಹೋಮ್, ಪ್ರೊ ಇದ್ದರೆ ಪ್ರೊ) ಹಾಕಿದರೆ ಹೊಸ ಲೈಸೆನ್ಸ್ ಕೀ ಬೇಡ; ಅದಕ್ಕೆಂದು ದುಡ್ಡು ಕೇಳಿದರೆ ಕೊಡಬೇಡಿ.