ಐದಡಿ ಸಾಲಿನ ಕಬ್ಬು: ಮೂರು ಕಣ್ಣಿನ ತುಂಡು, ಒಂದು ಕಣ್ಣಿನ ತುಂಡು, ಟ್ರೇ ಸಸಿ

ದಾವಣಗೆರೆ–ಹರಿಹರ ಭಾಗದ ಭದ್ರಾ ನಾಲೆಯ ಎರೆ (ಕಪ್ಪು ಮಣ್ಣಿನ) ಹೊಲ. ತಳಿ ಒಂದೇ, ಕೋ 86032. ನಾಟಿ ಮಾತ್ರ ಮೂರು ಬಗೆ.

ಮೂರು ಕಣ್ಣಿನ (ಗೆಣ್ಣಿನಲ್ಲಿ ಮೊಳಕೆ ಏಳುವ ಮೊಗ್ಗಿನ) ತುಂಡನ್ನು ತುದಿಗೆ ತುದಿ ತಾಗಿಸಿ ಇಟ್ಟರೆ ಎಕರೆಗೆ 2ರಿಂದ 3 ಟನ್ ಬೀಜದ ಕಬ್ಬು ಬೇಕು. ದುಡ್ಡು ಹೋಗುವುದು ಅಲ್ಲೇ. ಆದರೆ ತುಂಡಿನೊಳಗೇ ತೇವವೂ ಸಕ್ಕರೆಯೂ ಇರುವುದರಿಂದ ನೀರು ನಾಲ್ಕು ದಿನ ತಡವಾದರೂ ಮೊಳಕೆ ತಾಳಿಕೊಳ್ಳುತ್ತದೆ. ಬೀಜ 8–10 ತಿಂಗಳ ಕಬ್ಬಿನದಾಗಿರಲಿ. ಬಲಿತ ಕಬ್ಬಿನ ಬುಡದ ಕಣ್ಣು ಸರಿಯಾಗಿ ಏಳುವುದಿಲ್ಲ. ಕಣ್ಣು ಪಕ್ಕಕ್ಕೆ ಇರುವಂತೆ ಇಡಿ.

ಒಂದು ಕಣ್ಣಿನ ತುಂಡನ್ನು ನೇರ ಹೊಲಕ್ಕೆ ಹಾಕುವುದು ಎರೆಗೆ ಆಗಿಬರುವುದಿಲ್ಲ. ಕೊಯ್ದ ಬಾಯಿ ಎರಡೂ ಕಣ್ಣಿಗೆ ಹತ್ತಿರ. ನೀರು ನಿಂತರೆ ಕೊಳೆ, ನಿಲ್ಲದಿದ್ದರೆ ಒಣಗು. ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಂ (ಶಿಲೀಂಧ್ರನಾಶಕ) ಬೆರೆಸಿ 15 ನಿಮಿಷ ನೆನೆಸಿದರೂ ಸಾಲಿನಲ್ಲಿ ಖಾಲಿ ಜಾಗ ತಪ್ಪದು.

ಅದೇ ಒಂದು ಕಣ್ಣಿನ ತುಂಡನ್ನು ಟ್ರೇಯಲ್ಲಿ ಮೊಳೆಸಿದ ಸಸಿಯ ಲೆಕ್ಕವೇ ಬೇರೆ. ಸಾಲಿಂದ ಸಾಲಿಗೆ 5 ಅಡಿ, ಸಸಿಯಿಂದ ಸಸಿಗೆ 2 ಅಡಿ ಬಿಟ್ಟರೆ ಎಕರೆಗೆ ಸುಮಾರು 4,350 ಸಸಿ. ಸತ್ತವುಗಳ ಜಾಗಕ್ಕೂ ಸೇರಿಸಿ 4,800, ಅಂದರೆ 50 ಕುಳಿಯ ಟ್ರೇ ನೂರರಷ್ಟು. ಟ್ರೇಗೆ ತೆಂಗಿನ ನಾರಿನ ಪುಡಿ, ಎರೆಗೊಬ್ಬರ; ಕಣ್ಣು ಮೇಲ್ಮುಖ. 30–35 ದಿನಕ್ಕೆ ನಾಟಿ ಮಾಡಬೇಕು. ಅದಕ್ಕಿಂತ ತಡವಾದರೆ ಕುಳಿಯಲ್ಲಿ ಬೇರು ಸುತ್ತಿಕೊಂಡು ಸಸಿ ಹೊಲದಲ್ಲಿ ಮಂಕಾಗಿ ನಿಲ್ಲುತ್ತದೆ. ಸೋಗೆಯನ್ನು ಅರ್ಧ ಕತ್ತರಿಸಿ, ಸಾಲನ್ನು ಮೊದಲೇ ತೋಯಿಸಿ ನೆಡಿ. 3–4 ದಿನಕ್ಕೆ ಮತ್ತೆ ನೀರು ಬೇಕೇ ಬೇಕು. ತಪ್ಪಿದರೆ ಎರೆ ಬಿರುಕು ಬಿಟ್ಟು ಎಳೆ ಬೇರು ಹರಿಯುತ್ತದೆ. ಸುಳಿಯ ಮೇಲೆ ಕೆಸರು ಕೂತರೆ ಕೊಳೆಯುತ್ತದೆ, ತೀರಾ ಮೇಲೆ ನೆಟ್ಟರೆ ಮುಂದೆ ಕಬ್ಬು ಮಲಗುತ್ತದೆ. ಇಷ್ಟು ನಾಜೂಕು ಸಹಿಸಿದರೆ ಮರಿ (ಬುಡದ ಕವಲು) ಒಂದೇ ಸಮ ಒಡೆಯುತ್ತವೆ, ಬುಡಕ್ಕೆ ಮಣ್ಣು ಕೊಟ್ಟು ಬೋದು ಏರಿಸುವ ಕೆಲಸವೂ ಒಂದೇ ಸಲಕ್ಕೆ ಮುಗಿಯುತ್ತದೆ.

ಭತ್ತ ಕೊಯ್ದು ಗದ್ದೆ ತಡವಾಗಿ ತೆರವಾದರೆ ಸಸಿಗೇ ನಮ್ಮ ಓಟು; ಟ್ರೇಯಲ್ಲೇ ಬೆಳೆದಿರುವುದರಿಂದ ಒಂದು ತಿಂಗಳ ಸಮಯ ಉಳಿಯುತ್ತದೆ. ಬೋರ್‌ವೆಲ್ ಇಲ್ಲದೆ ನಾಲೆಯನ್ನೇ ನಂಬಿದವರು, ಅದರಲ್ಲೂ ನೀರು ಬಿಡುವ ದಿನ ಗೊತ್ತಿಲ್ಲದವರು, ಮೂರು ಕಣ್ಣಿನ ತುಂಡನ್ನೇ ಹಾಕಲಿ. ಹಾಗೆ ಹಾಕುವವರೂ ನಾಲ್ಕೈದು ಟ್ರೇ ಸಸಿ ಬದುವಿನ ನೆರಳಲ್ಲಿ ಇಟ್ಟುಕೊಳ್ಳಬೇಕು: ತಿಂಗಳಾದ ಮೇಲೆ ಖಾಲಿ ಬಿದ್ದ ಜಾಗಕ್ಕೆ ಮತ್ತೆ ತುಂಡು ಹೂತರೆ ಅದು ಪಕ್ಕದ ಕಬ್ಬಿನ ನೆರಳಲ್ಲೇ ಸೊರಗುತ್ತದೆ, ಅದೇ ವಯಸ್ಸಿನ ಸಸಿ ಹಿಡಿಯುತ್ತದೆ.